ಲಿನಕ್ಸ್‌ನಲ್ಲಿ ಸರಿ ಉತ್ತರ, ವಿಂಡೋಸ್‌ನಲ್ಲಿ ತಪ್ಪು ಉತ್ತರ: ಯಾಕೆ?

ಹಾಸನದ ಮೇಷ್ಟ್ರು:
ನಮಸ್ಕಾರ. ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. ಸಂಖ್ಯೆಗಳ ಅಪವರ್ತನ ಮಾಡುವ ಒಂದು ಪುಟ್ಟ ಓಪನ್ ಸೋರ್ಸ್ ಪ್ರೋಗ್ರಾಂ ಇದೆ, ಸಿ ಭಾಷೆಯದ್ದು, ಲಿನಕ್ಸ್‌ಗೆಂದು ಬರೆದದ್ದು. ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಲ್ಯಾಬ್‌ನಲ್ಲಿ ಇರೋದೆಲ್ಲ 64 ಬಿಟ್ ವಿಂಡೋಸ್, ಹಾಗಾಗಿ ಮಿನ್‌ಜಿಡಬ್ಲ್ಯೂನಲ್ಲಿ (ವಿಂಡೋಸ್‌ಗೆ ಸಿ ಪ್ರೋಗ್ರಾಂ ಕಟ್ಟಿಕೊಡುವ ಕಂಪೈಲರ್) ಕಂಪೈಲ್ ಮಾಡಿದೆ. ಒಂದು ಎರರ್ ಕೂಡ ಬರಲಿಲ್ಲ. ಆದರೆ 4294967297 ಕೊಟ್ಟರೆ 3, 5, 17, 257, 65537 ಅಂತ ತೋರಿಸುತ್ತದೆ! ಇದು ಫರ್ಮಾ ಸಂಖ್ಯೆ (2ರ 32ನೇ ಘಾತಕ್ಕೆ 1 ಕೂಡಿಸಿದ್ದು), 641 ಇದನ್ನು ಭಾಗಿಸುತ್ತದೆ ಅಂತ ಆಯ್ಲರ್ 1732ರಲ್ಲೇ ತೋರಿಸಿದ್ದಾನೆ, ತರಗತಿಯಲ್ಲಿ ನಾನು ಮೊದಲು ಹೇಳೋ ಉದಾಹರಣೆಯೇ ಅದು. ಮಕ್ಕಳ ಮುಂದೆ ತಪ್ಪು ಉತ್ತರ ಬರಬಾರದು. ಎಲ್ಲಿ ನೋಡಲಿ?

ಗಿರಿಸೀಮೆ:
ಮೇಷ್ಟ್ರೇ, ಆ ಐದನ್ನೂ ಗುಣಿಸಿ ನೋಡಿ. 4294967295 ಬರುತ್ತದೆ, ಅಂದರೆ 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. ಅಲ್ಲೇ ಇದೆ ಸಮಸ್ಯೆ. ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ 'ಲಾಂಗ್' ಅನ್ನೋ ಟೈಪ್ 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್, ವಿಂಡೋಸ್‌ನಲ್ಲಿ ಮಾತ್ರ ಯಂತ್ರ 64 ಬಿಟ್ ಆದರೂ ಲಾಂಗ್ 32 ಬಿಟ್ಟೇ. ಇನ್‌ಪುಟ್ ಓದುವ ಫಂಕ್ಷನ್ ಬಹುಶಃ ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ) ಲಾಂಗ್‌ಗೆ ಓದುತ್ತಿದೆ, ಸಂಖ್ಯೆ ಹಿಡಿಸದಿದ್ದಾಗ ಗರಿಷ್ಠ ಬೆಲೆ ಕೊಟ್ಟು ಸುಮ್ನಾಗುತ್ತದೆ. ನಿಮ್ಮ ಪ್ರೋಗ್ರಾಂ ಅಪವರ್ತನ ಸರಿಯಾಗಿಯೇ ಮಾಡಿದೆ, ಬೇರೆ ಸಂಖ್ಯೆಗೆ ಮಾಡಿದೆ ಅಷ್ಟೇ. ಎಲ್ಲಾ ಕಡೆ ಲಾಂಗ್ ತೆಗೆದು 64 ಬಿಟ್ ಅಂತ ಹೆಸರಲ್ಲೇ ಇರುವ ಟೈಪ್ ಹಾಕಿ, ಓದುವ ಫಂಕ್ಷನ್ನನ್ನೂ ಲಾಂಗ್ ಲಾಂಗ್‌ನದ್ದಕ್ಕೆ ಬದಲಾಯಿಸಿ.

ಕಾಫಿಹೂ:
ಡಬ್ಲ್ಯೂಎಸ್ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿ ಲಿನಕ್ಸ್‌ನದ್ದನ್ನೇ ಓಡಿಸಬಹುದಲ್ವಾ? ಗಣಿತದ ಓಪನ್ ಸೋರ್ಸ್ ತಂತ್ರಾಂಶ ಸೇಜ್‌ಮ್ಯಾಥ್ ಕೂಡ ಮೊದಲು ಸಿಗ್‌ವಿನ್ (ಲಿನಕ್ಸ್ ಪ್ರೋಗ್ರಾಂಗಳನ್ನು ವಿಂಡೋಸ್‌ಗೆ ಕಟ್ಟಲು ನೆರವಾಗುವ ಪದರ) ಮೇಲೆ ಕಟ್ಟಿದ ವಿಂಡೋಸ್ ಇನ್‌ಸ್ಟಾಲರ್ ಕೊಡುತ್ತಿತ್ತು, ಈಗ ವಿಂಡೋಸ್‌ನವರಿಗೆ ಡಬ್ಲ್ಯೂಎಸ್ಎಲ್ ಬಳಸಿ ಅನ್ನುತ್ತದೆ. ಆದರೆ ಡಬ್ಲ್ಯೂಎಸ್ಎಲ್ 2ಕ್ಕೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿರಬೇಕು. ಇಲ್ಲಿ ಚಿಕ್ಕಮಗಳೂರಲ್ಲಿ ನಾನು ನೋಡಿಕೊಳ್ಳುವ ಲ್ಯಾಬ್‌ನಲ್ಲಿ ಒಂದೊಂದೇ ಯಂತ್ರದ ಮುಂದೆ ಕೂತು ಅದನ್ನು ಆನ್ ಮಾಡಬೇಕಾಯ್ತು. ಇಷ್ಟು ಸಣ್ಣ ಪ್ರೋಗ್ರಾಂಗಾದರೆ ಕೋಡ್ ತಿದ್ದೋದೇ ಒಳ್ಳೇದು. ಅದರಲ್ಲಿ 'ಫೋರ್ಕ್' (ಓಡುತ್ತಿರುವ ಪ್ರೋಗ್ರಾಂನ ಇನ್ನೊಂದು ಪ್ರತಿ ಶುರು ಮಾಡುವ ಕರೆ) ಏನಾದರೂ ಇದ್ದರೆ ಮಾತ್ರ ಕಷ್ಟ, ವಿಂಡೋಸ್‌ನಲ್ಲಿ ಅದು ಇಲ್ಲ.

ಹಾಸನದ ಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫೋರ್ಕ್ ಇಲ್ಲ. ಟೈಪ್ ಬದಲಾಯಿಸಿದೆ, ಓದುವ ಫಂಕ್ಷನ್ನನ್ನೂ ಬದಲಾಯಿಸಿದೆ. ಈಗ ಹೀಗೆ ಬರುತ್ತಿದೆ: 1 = 641 x 6700417. ಫ್ಯಾಕ್ಟರ್‌ಗಳು ಸರಿ, ಎಡಗಡೆ 1 ಎಲ್ಲಿಂದ ಬಂತು?

ಗಿರಿಸೀಮೆ:
ಉತ್ತರ ತೋರಿಸುವ ಪ್ರಿಂಟ್‌ಎಫ್ ಫಂಕ್ಷನ್ ನೋಡಿ, ಅದರ ಫಾರ್ಮ್ಯಾಟ್ ಇನ್ನೂ ಲಾಂಗ್‌ನದ್ದೇ ಇದೆ. ಕೆಳಗಿನ 32 ಬಿಟ್ ಮಾತ್ರ ಓದುತ್ತಿದೆ, 4294967297ರಲ್ಲಿ ಆ ಭಾಗ 1. ಕಂಪೈಲ್ ಮಾಡುವಾಗ ವಾರ್ನಿಂಗ್‌ಗಳನ್ನೆಲ್ಲ ಆನ್ ಮಾಡಿ, ಇಂಥ ಜಾಗಗಳು ಸಾಲು ನಂಬರ್ ಸಮೇತ ಸಿಗುತ್ತವೆ. ಆಮೇಲೆ ಪ್ರೋಗ್ರಾಂ ಜೊತೆ ಬಂದ ಟೆಸ್ಟ್‌ಗಳನ್ನು ವಿಂಡೋಸ್‌ನಲ್ಲೂ ಓಡಿಸಿ. ಅಲ್ಲಿ ದೊಡ್ಡ ಸಂಖ್ಯೆ ಇಲ್ಲದಿದ್ದರೆ ಈ 4294967297ನ್ನೇ ಸೇರಿಸಿ. ದಯವಿಟ್ಟು ತಿದ್ದಿದ್ದನ್ನು ನಿಮ್ಮ ಲ್ಯಾಬ್‌ನಲ್ಲೇ ಇಟ್ಟುಕೊಳ್ಳಬೇಡಿ, ಮೂಲ ಪ್ರಾಜೆಕ್ಟ್‌ಗೆ ಪ್ಯಾಚ್ (ಬದಲಾವಣೆಗಳ ಕಡತ) ಕಳಿಸಿ. ಇಲ್ಲದಿದ್ದರೆ ಮುಂದಿನ ವರ್ಷನ್ ಬಂದಾಗ ಇಷ್ಟನ್ನೂ ಮತ್ತೆ ನೀವೇ ಮಾಡಬೇಕು, ಬೇರೆ ಊರಿನ ಮೇಷ್ಟ್ರುಗಳೂ ಮಾಡಬೇಕು. ಪ್ಯಾಚ್ ಬರೆಯೋಕೆ ಸಹಾಯ ಬೇಕಾದರೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.