ಗುಂಡು ಎಸೆಯುವ ಹುಡುಗಿ ಲಿಪ್‌ಸ್ಟಿಕ್ ರೀಲ್ ಹಾಕಬಾರದಾ?

ದಾವಣಗೆರೆ ಅಮ್ಮ:
ಮಗಳಿಗೆ 19 ವರ್ಷ. ಗುಂಡು ಎಸೆತದಲ್ಲಿ ವಿಶ್ವವಿದ್ಯಾಲಯ ಮಟ್ಟಕ್ಕೆ ಹೋಗಿದ್ದಾಳೆ. ಜಿಮ್‌ನಲ್ಲಿ ಭಾರ ಎತ್ತೋದು, ಕುತ್ತಿಗೆಗೆ ಚಾಕ್ ಪುಡಿ ಹಚ್ಚೋದು ಎಲ್ಲ ಇನ್‌ಸ್ಟಾಗೆ ಹಾಕುತ್ತಾಳೆ. ಹೋದ ವಾರ ಸ್ಪರ್ಧೆಗೆ ಮೊದಲು ಕಾಡಿಗೆ, ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಳ್ಳುವ ರೀಲ್ ಹಾಕಿದಳು. ಎಸೆತಕ್ಕಿಂತ ಅದನ್ನೇ ಜಾಸ್ತಿ ಜನ ನೋಡಿದರು. "ಆನೆಗೆ ಯಾಕೆ ಅಲಂಕಾರ" ಅಂತ ಒಬ್ಬ ಬರೆದ. ಪದಕದ ಫೋಟೊ ಮಾತ್ರ ಹಾಕು ಅನ್ನುತ್ತಾರೆ ಕೋಚ್. ನಮ್ಮ ಯಜಮಾನರು ಅಕೌಂಟೇ ಮುಚ್ಚು ಅನ್ನುತ್ತಾರೆ. ನಾನೇನು ಹೇಳಲಿ?

ಹಳೇ ರೇಡರ್:
ಅಕ್ಕಾ, ಆ ಮಹಾನುಭಾವ ಮೈಸೂರು ದಸರಾ ನೋಡಿಲ್ಲ ಅನ್ಸುತ್ತೆ!

ಮಗಳಿಗೆ ಇಲೋನಾ ಮಾಹರ್ ಪೇಜ್ ತೋರಿಸಿ. ಅಮೆರಿಕದ ರಗ್ಬಿ ಆಟಗಾರ್ತಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಲಿಪ್‌ಸ್ಟಿಕ್ ಹಚ್ಚಿಕೊಂಡೇ ಎದುರಾಳಿಯನ್ನು ಕೆಡವುತ್ತಾರೆ. ಬಿಎಂಐ (ಎತ್ತರ-ತೂಕದ ಲೆಕ್ಕ) ವಿಷಯ ತೆಗೆದು ಒಬ್ಬ ಆಡಿಕೊಂಡ. ನನ್ನ ತೂಕ ಸುಮಾರು 90 ಕೆಜಿ, ಅದರಲ್ಲಿ ಹೆಚ್ಚಿನದು ಕೊಬ್ಬಲ್ಲ ಅಂತ ಅವರೇ ವಿಡಿಯೊದಲ್ಲಿ ಲೆಕ್ಕ ಕೊಟ್ಟರು. ಒಲಿಂಪಿಕ್ಸ್‌ಗೆ ಹೋಗುತ್ತಿರುವುದು ನಾನು, ನೀನಲ್ಲ ಅಂತ ಮುಗಿಸಿದರು.

ನಾನು ಕಬಡ್ಡಿ ಆಡುವಾಗ ತೊಡೆ ದಪ್ಪ ಅಂತ ಗ್ರೂಪ್ ಫೋಟೊದಲ್ಲಿ ಹಿಂದೆ ನಿಲ್ಲುತ್ತಿದ್ದೆ. ಪಾಯಿಂಟ್ ತರುತ್ತಿದ್ದದ್ದು ಅದೇ ತೊಡೆ. ನಿಮ್ಮ ಮಗಳು ಮುಂದೆ ನಿಂತಿದ್ದಾಳೆ, ಬಿಡಿ.

ಮೈದಾನದ ಮಾವ:
ಮೊದಲು ಆಟ, ಆಮೇಲೆ ಇವೆಲ್ಲ. ರೀಲ್ಸ್ ಹುಚ್ಚಿಗೆ ಬಿದ್ದವರ ಗಮನ ಆಟದ ಮೇಲಿರೋದಿಲ್ಲ.

ಹಳೇ ರೇಡರ್:
ಮಾವ, ಕ್ರಿಕೆಟ್ ಆಟಗಾರ್ತಿ ಜೆಮಿಮಾ ರಾಡ್ರಿಗಸ್‌ಗೂ ಇದನ್ನೇ ಹೇಳಿದ್ದರು. ಗಿಟಾರ್, ಡಾನ್ಸ್ ಬಿಟ್ಟು ಬ್ಯಾಟ್ ಹಿಡಿ ಅಂತ. 2025ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಪಂದ್ಯಕ್ಕೆ ತಂಡದಿಂದ ಕೈಬಿಟ್ಟಿದ್ದರು ಕೂಡ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೊಟ್ಟ 339ರ ಗುರಿ ಮುಟ್ಟಿಸಿದ್ದು ಯಾರು? ಅಜೇಯ 127! ರನ್ ಬಂದರೆ ಗಿಟಾರ್ ಮುದ್ದು, ಬಾರದಿದ್ದರೆ ಗಿಟಾರೇ ತಪ್ಪು. ಹುಡುಗರು ರೀಲ್ಸ್ ಮಾಡಿದರೆ ಈ ಲೆಕ್ಕ ಇಷ್ಟು ಬಿಗಿ ಇರುತ್ತಾ?

ಸ್ಕೋರರ್:
ವಾದ ಇರಲಿ, ಅಮ್ಮ. ಶೂ, ಪ್ರೋಟೀನ್ ಪುಡಿ ಕೊಡೋ ಕಂಪನಿಯವರು ಪೇಜ್ ನೋಡುತ್ತಾರೆ. ಮುಚ್ಚಿಸಬೇಡಿ. ಆದರೆ ಹಾಸ್ಟೆಲ್, ಮೈದಾನದ ವಿಡಿಯೊ ಅಲ್ಲಿಂದ ಹೊರಟ ಮೇಲೆ ಹಾಕಲಿ. ಲೈವ್ ಲೊಕೇಶನ್ ಬೇಡವೇ ಬೇಡ. ಕೆಟ್ಟ ಪದಗಳ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಹಾಕಿಟ್ಟರೆ ಅಂಥ ಕಾಮೆಂಟ್ ಮರೆಯಾಗುತ್ತೆ.

ದಾವಣಗೆರೆ ಅಮ್ಮ:
ಪದಗಳನ್ನು ಕನ್ನಡದಲ್ಲೇ ಹಾಕಬಹುದಾ?

ಸ್ಕೋರರ್:
ಹಾಕಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದಗಳನ್ನೂ ಸೇರಿಸಿ. ನಮ್ಮವರು ಬೈಯೋದು ಅದರಲ್ಲೇ ಜಾಸ್ತಿ.