ಡಿಪೆಂಡ್ಸ್, ರೆಕಮೆಂಡ್ಸ್, ಸಜೆಸ್ಟ್ಸ್: ನಡುವಿನದಕ್ಕೆ ಒಂದು ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ,

ಮಂಗಳೂರಿನ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಸಾಫ್ಟ್‌ವೇರ್ ಪ್ಯಾಕೇಜುಗಳ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇವೆ. ಪ್ಯಾಕೇಜಿನ ಹೆಸರು, ಆವೃತ್ತಿ, ಅದಕ್ಕೆ ಇನ್ನೇನು ಬೇಕು ಎಂಬುದನ್ನೆಲ್ಲ ಬರೆದಿಡುವ ಮೆಟಾಡೇಟಾ ಫೈಲಿಗೆ ಯಾವ ಫಾರ್ಮ್ಯಾಟ್ ಒಳ್ಳೆಯದು ಎಂಬುದೇ ಮೊದಲ ಪಾಠ. ಜೇಸನ್ (JSON), ಯಾಮಲ್ (YAML) ಇಂಥ ಎರಡು ಫಾರ್ಮ್ಯಾಟ್‌ಗಳು. ಜೇಸನ್‌ನಲ್ಲಿ ಟಿಪ್ಪಣಿ ಬರೆಯಲು ಜಾಗವೇ ಇಲ್ಲ. ಯಾಮಲ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ಸ್ವಲ್ಪ ಆಚೀಚೆ ಆದರೂ ಅರ್ಥವೇ ಬದಲಾಗಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರು 2016ರ ಪೆಪ್ 518 ಎಂಬ ಪ್ರಸ್ತಾವದಲ್ಲಿ ಇವೆರಡನ್ನೂ ತೂಗಿ ನೋಡಿ ಟಾಮಲ್ (TOML) ಎಂಬ ಇನ್ನೊಂದು ಫಾರ್ಮ್ಯಾಟ್ ಆರಿಸಿದರು. ಹೊಸಬರಿಗೆ ನಾವು ಹೇಳುವುದೂ ಅದನ್ನೇ.

ಟಾಮಲ್ 1.0ರಲ್ಲಿ ಫೀಲ್ಡಿನ ಹೆಸರನ್ನು ಕನ್ನಡದಲ್ಲೂ ಬರೆಯಬಹುದು, ಕೋಟ್ ಗುರುತಿನೊಳಗೆ ಇಡಬೇಕು ಅಷ್ಟೆ. ಆದರೆ ಪ್ಯಾಕೇಜ್ ಕಟ್ಟುವ ಟೂಲ್‌ಗಳಿಗೆ ಗೊತ್ತಿರುವುದು ಇಂಗ್ಲಿಷ್ ಹೆಸರು ಮಾತ್ರ. ಹಾಗಾಗಿ ಹೆಸರನ್ನು ಮುಟ್ಟದೆ, ಪಕ್ಕದಲ್ಲಿ # ಹಾಕಿ ಕನ್ನಡದಲ್ಲಿ ಟಿಪ್ಪಣಿ ಕೊಡುತ್ತಿದ್ದೇವೆ.

ತೊಡಕು ಬಂದದ್ದು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಗೆಗಿನ ಪಾಠದಲ್ಲಿ. ಅಲ್ಲಿ ಪ್ಯಾಕೇಜಿನ ಮೆಟಾಡೇಟಾ ಇರುವ ಕಂಟ್ರೋಲ್ ಫೈಲಿನಲ್ಲಿ 'ಬೇಕು' ಎನ್ನುವುದಕ್ಕೆ ಮೂರು ಮುಖ್ಯ ಹಂತಗಳಿವೆ. ಡಿಪೆಂಡ್ಸ್ ಎಂದರೆ ಅದಿಲ್ಲದೆ ಪ್ಯಾಕೇಜ್ ನಡೆಯುವುದೇ ಇಲ್ಲ. ರೆಕಮೆಂಡ್ಸ್ ಎಂದರೆ ಹೆಚ್ಚುಕಡಿಮೆ ಎಲ್ಲರ ಬಳಿಯೂ ಜೊತೆಗೆ ಇರುವಂಥದ್ದು. ಬೇರೆ ಸೆಟ್ಟಿಂಗ್ ಕೊಡದಿದ್ದರೆ, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್ ಆದ ಆಪ್ಟ್ (apt) ಅದನ್ನು ತಾನೇ ಹಾಕಿಕೊಳ್ಳುತ್ತದೆ, ತೆಗೆದರೂ ಪ್ಯಾಕೇಜ್ ಉಳಿಯುತ್ತದೆ. ಸಜೆಸ್ಟ್ಸ್ ಎಂದರೆ ಬೇಕಿದ್ದವರಿಗೆ. ಆಪ್ಟ್ ತಾನಾಗಿ ಹಾಕುವುದಿಲ್ಲ. ನೀರ್‌ದೋಸೆಗೆ ಅಕ್ಕಿ ಬೇಕೇ ಬೇಕು, ಚಟ್ನಿ ಇದ್ದೇ ಇರುತ್ತದೆ, ಕಾಯಿಬೆಲ್ಲ ಬೇಕಿದ್ದವರಿಗೆ ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಅವಲಂಬನೆ, ಶಿಫಾರಸು, ಸಲಹೆ ಎಂದು ಬರೆದು ನೋಡಿದೆವು. ಶಿಫಾರಸು ಜಾಸ್ತಿಯೋ ಸಲಹೆ ಜಾಸ್ತಿಯೋ ಎಂಬುದು ಓದಿದವರಿಗೆ ಗೊತ್ತಾಗಲಿಲ್ಲ. ಶಿಫಾರಸು ಎಂದರೆ ಕೆಲಸಕ್ಕೋ ಸೀಟಿಗೋ ಹೇಳಿಸುವುದು ಎಂಬ ಅರ್ಥವೇ ಮೊದಲು ಬರುತ್ತದೆ, ಅಲ್ವಾ? 'ಇದ್ದರೆ ಒಳ್ಳೆಯದು' ಎಂದರೆ ತೂಕ ತೀರಾ ಕಡಿಮೆಯಾಯಿತು. ಮೇಲಾಗಿ ಅದನ್ನು ನಾಮಪದವಾಗಿ ಬಳಸಲು ಬರುವುದಿಲ್ಲ. 'ಇದರ ರೆಕಮೆಂಡ್ಸ್ ಯಾವುವು?' ಎಂದು ಕೇಳುವುದು ಹೇಗೆ?

ಕಡ್ಡಾಯ, ಐಚ್ಛಿಕ ಎಂಬ ಪದಗಳು ಶಾಲೆಯಿಂದಲೇ ಗೊತ್ತು. ಮೊದಲನೆಯದಕ್ಕೂ ಮೂರನೆಯದಕ್ಕೂ ಅವು ಸಾಕು. ನಡುವಿನದಕ್ಕೆ ನನಗೆ ಹೊಳೆದದ್ದು 'ವಾಡಿಕೆ'. ಕಡ್ಡಾಯವಲ್ಲ, ಆದರೆ ಎಲ್ಲರೂ ಇಟ್ಟುಕೊಳ್ಳುತ್ತಾರೆ ಎಂಬ ಭಾವ ಅದರಲ್ಲಿದೆ. ಇದು ಹಳೆಯ ಸಂಪ್ರದಾಯದ ಮಾತಿನಂತೆ ಕೇಳುತ್ತದೆ ಎಂದು ಉಡುಪಿಯ ಗೆಳೆಯರೊಬ್ಬರ ಆಕ್ಷೇಪ. ನಿಮಗೂ ಹಾಗೆಯೇ ಕೇಳಿಸುತ್ತದೆಯೇ? ಕುಂದಾಪುರ ಕನ್ನಡದಲ್ಲೋ ಬೇರೆ ಕಡೆಯ ಆಡುಮಾತಿನಲ್ಲೋ ಇದಕ್ಕಿಂತ ಒಗ್ಗುವ ಪದವಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿ.