ಹುಷಾರಾದ ಮೇಲೂ ಅನುಮಾನದಿಂದ ನೋಡುತ್ತಾರೆ, ಏನು ಮಾಡಲಿ?

ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ, ಇನ್ನೊಮ್ಮೆ ತೀರಾ ಕುಗ್ಗುವ ಕಾಯಿಲೆ. ಎರಡು ವರ್ಷದಿಂದ ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಕೆಲಸಕ್ಕೂ ಹೋಗುತ್ತೇನೆ. ಆದರೆ ಸ್ವಲ್ಪ ಜೋರಾಗಿ ನಕ್ಕರೂ ಸಾಕು, ಅಮ್ಮ ಮೆಲ್ಲಗೆ ಬಂದು "ಮಾತ್ರೆ ತಗೊಂಡ್ಯಾ?" ಅನ್ನುತ್ತಾರೆ. ಚಿಕ್ಕಪ್ಪ ಮಗಳ ಮದುವೆಗೆ ಬರಬೇಡ ಅಂದರು. ತುಂಬಾ ನೋವಾಯಿತು.

ಉತ್ತರ 1: ನನ್ನ ತಂಗಿಗೂ ಇದೇ ಕಾಯಿಲೆ, ನಾನೂ ಹಾಗೇ ಕೇಳುತ್ತಿದ್ದೆ, ಭಯಕ್ಕೆ. ಅಮ್ಮನನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಿದ್ದೆ ಕಡಿಮೆಯಾಗುವುದು, ದುಡ್ಡು ಜಾಸ್ತಿ ಖರ್ಚು ಮಾಡುವುದು, ಕಾಯಿಲೆ ಮರಳುವ ಇಂಥ ಲಕ್ಷಣ ಅಮ್ಮನಿಗೆ ಗೊತ್ತಾದರೆ ಸುಮ್ನೆ ನಗುವಿಗೆಲ್ಲ ಹೆದರುವುದಿಲ್ಲ.

ಉತ್ತರ 2: ಜನರ ಮಾತಿಗೆ ಮಾತ್ರೆ ಬಿಡಬೇಡಿ, ನಾನು ಬಿಟ್ಟು ಮತ್ತೆ ಆಸ್ಪತ್ರೆ ಸೇರಿದ್ದೆ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡುವ ಪರೀಕ್ಷೆಯನ್ನೂ ತಪ್ಪಿಸಬೇಡಿ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ.

ಕೇಳಿದವರು: ಅಮ್ಮನಿಗೂ ಭಯ ಇರಬಹುದು ಅಂತ ಹೊಳೆದೇ ಇರಲಿಲ್ಲ. ಶನಿವಾರ ಕರೆದುಕೊಂಡು ಹೋಗುತ್ತೇನೆ.